ಬಿಗಿದಿಟ್ಟ ತಿರುಪು

ನಮ್ಮವರ ವರ್ನಿಯರ್ ಕ್ಯಾಲಿಪರ್ಸಿನಲ್ಲಿ ಅಂಕಿಗಳು ಸವೆದುಹೋಗಿದ್ದವು. ದೊಡ್ಡ ಅಳತೆಪಟ್ಟಿಯವು ಹೇಗೋ ಕಾಣುತ್ತಿದ್ದವು. ಅದರ ಮೇಲೆ ಜಾರುವ ಚಿಕ್ಕ ಪಟ್ಟಿಯಲ್ಲಿ ಮಾತ್ರ ಬರಿಯ ಇಪ್ಪತ್ತು ಗೆರೆಗಳು ಉಳಿದಿದ್ದವು. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುವಾಗ ಅವರಪ್ಪ ಕೊಡಿಸಿದ್ದಂತೆ. ಈಗ ಅಂಕಿಯೇ ಮೂಡುವಂಥವು ಸಿಗುತ್ತವಲ್ಲ, ಒಂದು ತೆಗೆದುಕೊಳ್ಳಿ ಎಂದರೆ, ಬ್ಯಾಟರಿ ಸೋತಾಗ ಅದು ಸುಳ್ಳು ಹೇಳುತ್ತದೆ, ಗೆರೆ ಯಾವತ್ತೂ ಹೇಳುವುದಿಲ್ಲ ಎನ್ನುತ್ತಿದ್ದರು.

2009ರ ಫೆಬ್ರವರಿಯಲ್ಲಿ ಅವರ ಕೆಲಸ ಹೋಯಿತು. ಅಮೆರಿಕದ ಆಬರ್ನ್ ಹಿಲ್ಸ್‌ನಲ್ಲಿ ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಇಪ್ಪತ್ತಾರು ವರ್ಷ ಇದ್ದವರು ಒಂದು ರಟ್ಟಿನ ಪೆಟ್ಟಿಗೆ ಹಿಡಿದು ಮಧ್ಯಾಹ್ನವೇ ಮನೆಗೆ ಬಂದರು. ಅವರಿಗೆ ಅರವತ್ತೊಂದು, ನನಗೆ ಐವತ್ತೊಂಬತ್ತು. ಆ ಚಳಿಗಾಲ ನಮ್ಮ ಬಡಾವಣೆಯಲ್ಲಿ ಬೆಳಿಗ್ಗೆ ಹತ್ತು ಗಂಟೆಯಾದರೂ ಎಷ್ಟೋ ಮನೆಗಳ ಮುಂದೆ ಕಾರು ನಿಂತೇ ಇರುತ್ತಿತ್ತು. ಯಾರೂ ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಎದುರು ಮನೆಯ ಮುದುಕ ತನ್ನ ಅಂಗಳದ ಹಿಮ ತಳ್ಳುವಾಗ ನಮ್ಮದನ್ನೂ ತಳ್ಳಿ ಹೋಗಿರುತ್ತಿದ್ದ. ನಾನು ಬಾಗಿಲು ತೆರೆಯುವಷ್ಟರಲ್ಲಿ ಅವನು ಒಳಗೆ ಹೋಗಿ ಆಗಿರುತ್ತಿತ್ತು.

ಹಿಮ ಕರಗುವ ಮೊದಲೇ ಜನ ಗರಾಜು ಖಾಲಿ ಮಾಡಿ ಸಾಮಾನು ಮಾರತೊಡಗಿದರು. ಹಳೆಯ ಉಕ್ಕಿನ ರೇಸ್ ಸೈಕಲ್ಲುಗಳು, ಸೈಕಲ್ಲಿನ ಬಿಡಿಭಾಗ ತುಂಬಿದ ಡಬ್ಬಗಳು ನಮ್ಮ ಬೇಸ್‌ಮೆಂಟಿಗೆ ಬಂದವು. ನಮ್ಮವರು ಅವನ್ನು ತಿಕ್ಕಿ ತೊಳೆದು, ಅಳೆದು, ಅಳತೆಯ ಚೀಟಿ ಕಟ್ಟಿ, ಬೇಕೆಂದವರಿಗೆ ಮಾರಿ ಕಳಿಸುತ್ತಿದ್ದರು. ನಾನು ಟಾರ್ಚ್ ಹಿಡಿದು ನಿಂತಾಗ ಪಾಠವೂ ಆಗುತ್ತಿತ್ತು. ಸೈಕಲ್ಲಿನ ಮೈ ಯಾವ ಉಕ್ಕಿನದು ಎಂದು ಹೇಳುವ ಸ್ಟಿಕ್ಕರ್ ಎಂದೋ ಕಿತ್ತುಹೋಗಿರುತ್ತದೆ, ಮೇಲೆ ಯಾರೋ ಬಣ್ಣ ಬಳಿದಿರುತ್ತಾರೆ. ಹೊರಗಿನಿಂದ ನೋಡಿದರೆ ಕೊಳವೆಗಳೆಲ್ಲ ಒಂದೇ ದಪ್ಪ. ಆದರೆ ಉಕ್ಕು ಒಳ್ಳೆಯದಾದಷ್ಟೂ ಕೊಳವೆಯ ಗೋಡೆ ತೆಳು, ಒಳಗಿನ ತೂತು ಅಗಲ. ಆದ್ದರಿಂದ ಸೀಟಿನ ಕೆಳಗೆ ಇಳಿಯುವ ಕಂಬಿ, ಅಂದರೆ ಸೀಟ್ ಪೋಸ್ಟ್, ಎಷ್ಟು ದಪ್ಪ ಹಿಡಿಸುತ್ತದೆ ಎಂದು ಅಳೆದರೆ ಸೈಕಲ್ಲಿನ ಗುಟ್ಟು ಬಿಡುತ್ತದೆ. ಇಪ್ಪತ್ತೇಳು ಪಾಯಿಂಟ್ ಎರಡು ಮಿಲಿಮೀಟರ್ ಆದರೆ ಹಗುರವಾದ ಒಳ್ಳೆಯ ಉಕ್ಕು. ಇಪ್ಪತ್ತಾರು ಪಾಯಿಂಟ್ ಎರಡು ಎಂದರೆ ಬಹುಮಟ್ಟಿಗೆ ಸಾಧಾರಣ, ಭಾರ. ಅದೇ ಕೊನೆಯ ಮಾತಲ್ಲ, ಆದರೆ ನಂಬಬಹುದಾದ ಮೊದಲ ಮಾತು ಎನ್ನುತ್ತಿದ್ದರು. ಮಿಲಿಮೀಟರಿನ ಐದನೇ ಒಂದು ಪಾಲು ತಪ್ಪಿದರೂ ಪೋಸ್ಟು ಒಳಗೆ ಜಾರುತ್ತದೆ, ಇಲ್ಲವೆ ಇಳಿಯುವುದೇ ಇಲ್ಲ. ಹಳೆಯ ಪೋಸ್ಟುಗಳ ಮೇಲಿನ ಅಂಕಿ ಸವೆದಿರುತ್ತಿದ್ದುದರಿಂದ ಒಂದೊಂದನ್ನೂ ಅಳೆಯಲೇಬೇಕಿತ್ತು.

ಮೇ ತಿಂಗಳ ಒಂದು ಬೆಳಿಗ್ಗೆ, ಅವರು ಸ್ನಾನಕ್ಕೆ ಹೋದಾಗ, ಬಟ್ಟೆ ಒಗೆಯಲು ಹಾಕೋಣವೆಂದು ಬೇಸ್‌ಮೆಂಟಿಗೆ ಇಳಿದೆ. ಮೇಜಿನ ಮೇಲೆ ಕ್ಯಾಲಿಪರ್ಸ್ ಒಂದು ಪೋಸ್ಟನ್ನು ಕಚ್ಚಿಕೊಂಡು ಕೂತಿತ್ತು. ಅಳತೆ ಸರಿಯದಂತೆ ಅದರ ತಿರುಪನ್ನು ಬಿಗಿದಿದ್ದರು. ನಾನು ಮೈಸೂರಿನಲ್ಲಿ ಫಿಸಿಕ್ಸ್ ತೆಗೆದುಕೊಂಡು ಬಿಎಸ್ಸಿ ಮಾಡಿದವಳು. ಎಷ್ಟು ವರ್ಷವಾಯಿತೋ ಅದನ್ನು ಮುಟ್ಟಿ, ಓದಲು ಬರುತ್ತದೆಯೋ ನೋಡೋಣ ಎಂಬ ಆಸೆಯಾಗಿ ಕಿಟಕಿಯ ಬೆಳಕಿಗೆ ಹಿಡಿದೆ. ದೊಡ್ಡ ಪಟ್ಟಿಯಲ್ಲಿ ಇಪ್ಪತ್ತೇಳು. ಚಿಕ್ಕ ಪಟ್ಟಿಯಲ್ಲಿ ಮೇಲಿನ ಗೆರೆಗೆ ಸರಿಯಾಗಿ ಕೂಡಿದ್ದು ನಾಲ್ಕನೆಯ ಗೆರೆ. ಒಂದು ಗೆರೆಗೆ ಮಿಲಿಮೀಟರಿನ ಇಪ್ಪತ್ತನೇ ಒಂದು ಪಾಲು. ನಾಲ್ಕಕ್ಕೆ ಪಾಯಿಂಟ್ ಎರಡು. ಇಪ್ಪತ್ತೇಳು ಪಾಯಿಂಟ್ ಎರಡು. ಬಂತಲ್ಲ ಎಂದು ಖುಷಿಯಾಯಿತು.

ಚೀಟಿ ನೋಡಿದೆ. ಅವರ ಮುದ್ದಾದ ಅಕ್ಷರದಲ್ಲಿ 27.4 ಎಂದಿತ್ತು.

ಮಾರನೆಯ ದಿನ 26.2ಕ್ಕೆ 26.4 ಎಂದು ಬರೆದಿದ್ದರು. ಅದರ ಮಾರನೆಯ ದಿನ 26.4ಕ್ಕೆ 26.8. ಗೆರೆ ಎಣಿಸಿ, ಗುಣಿಸದೆ, ನಾಲ್ಕನೆಯ ಗೆರೆಗೆ ಪಾಯಿಂಟ್ ನಾಲ್ಕು ಎಂದು ಹಾಗೇ ಬರೆದುಬಿಡುವುದು ಪಿಯುಸಿ ಹುಡುಗರು ಮೊದಲ ವಾರ ಮಾಡುವ ತಪ್ಪು. ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಈ ತಪ್ಪು ಮಾಡಬೇಡಿ ಎಂದು ಇಪ್ಪತ್ತಾರು ವರ್ಷ ಹೇಳಿಕೊಟ್ಟವರು ಅವರು. ನಾನು ಅಲ್ಲೇ ಬಟ್ಟೆಬುಟ್ಟಿಯ ಪಕ್ಕ ಮೆಟ್ಟಿಲ ಮೇಲೆ ಕೂತೆ. ಎರಡು ವಾರದ ಹಿಂದೆ ಪುಡಿ ಹಾಕದೆಯೇ ಕಾಫಿ ಫಿಲ್ಟರಿಗೆ ಬಿಸಿನೀರು ಸುರಿದಿದ್ದರು, ನಾವಿಬ್ಬರೂ ನಕ್ಕಿದ್ದೆವು. ಇಪ್ಪತ್ತು ವರ್ಷದಿಂದ ಹೆದ್ದಾರಿ ಬಿಟ್ಟು ಇಳಿಯುತ್ತಿದ್ದ ಎಕ್ಸಿಟ್ ತಪ್ಪಿಸಿ ಮುಂದೆ ಹೋಗಿದ್ದರು, ಆಗಲೂ ನಕ್ಕಿದ್ದೆವು.

ಕೆಲಸ ಹೋದಾಗ ಅವರು ತಲೆ ತಗ್ಗಿಸಲಿಲ್ಲ. ಕೈಯಲ್ಲಿ ಲೆಕ್ಕವಿದೆ, ಕಣ್ಣಿದೆ ಎಂಬ ಧೈರ್ಯವಿತ್ತು. ಅದೂ ಹೋಗುತ್ತಿದೆ ಎಂದು ಅವರಿಗೆ ಗೊತ್ತಾಗಬಾರದು. ಆ ಬೇಸಿಗೆ ನಾನು ದೇವರಲ್ಲಿ ಬೇರೇನನ್ನೂ ಕೇಳಲಿಲ್ಲ.

ದಿನವೂ ಅವರು ಸ್ನಾನಕ್ಕೆ ಹೋದಾಗ ಇಳಿದು ಹೋಗುತ್ತಿದ್ದೆ. ದಿನಕ್ಕೆ ಒಂದೋ ಎರಡೋ ಪೋಸ್ಟು. ಕೊನೆಯದು ಕ್ಯಾಲಿಪರ್ಸಿನಲ್ಲೇ ಬಿಗಿದಿರುತ್ತಿದ್ದುದು ನನ್ನ ಅದೃಷ್ಟ ಎಂದುಕೊಳ್ಳುತ್ತಿದ್ದೆ. ಓದಿ, ತಿರುಪು ಸಡಿಲಿಸಿ, ಅವರ ಅಕ್ಷರದ ಹಾಗೆಯೇ ಹೊಸ ಚೀಟಿ ಬರೆದು ಕಟ್ಟಿ, ಹಳೆಯದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮೇಲೆ ಬರುತ್ತಿದ್ದೆ. ಓದಿಯಾದ ಮೇಲೆ ತಿರುಪು ಸಡಿಲಿಸದೆ ಉಪಕರಣ ಕೆಳಗಿಡಬಾರದು ಎಂದು ಕಾಲೇಜಿನಲ್ಲಿ ಕಲಿಸಿದ್ದರು. ತಲೆ ಮರೆತಿದ್ದರೂ ಕೈ ಮರೆತಿರಲಿಲ್ಲ.

ಜುಲೈನಲ್ಲಿ ಗ್ಲೆಂಡೇಲ್ ಹೈಟ್ಸ್‌ನ ಕೇಶವ್ ನಮ್ಮನ್ನು ಊಟಕ್ಕೆ ಕರೆದ. ಐಟಿ ಕೆಲಸದವನು, ನಂಜನಗೂಡಿನ ಕಡೆಯವನು, ಹಳೆಯ ಸೈಕಲ್ಲುಗಳ ಹುಚ್ಚಿನವನು. ಮಾರ್ಚಿನಿಂದ ನಮ್ಮವರ ಹತ್ತಿರ ಪೋಸ್ಟುಗಳನ್ನು ತರಿಸಿಕೊಳ್ಳುತ್ತಿದ್ದ. ಫೋನಿನಲ್ಲಿ ಗಂಟೆಗಟ್ಟಲೆ ಮಾತಾಡಿದ್ದರೇ ಹೊರತು ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಐದು ಗಂಟೆಯ ದಾರಿ, ನಮ್ಮವರೇ ಡ್ರೈವ್ ಮಾಡಿದರು. ನಾನು ಒಂದೊಂದು ಎಕ್ಸಿಟ್ಟನ್ನೂ ನನಗೋಸ್ಕರ ಎಂಬಂತೆ ಜೋರಾಗಿ ಓದುತ್ತಾ ಕೂತಿದ್ದೆ.

ಕೇಶವನ ಹೆಂಡತಿ ರೇಣು ಬಿಸಿಬೇಳೆಭಾತು ಮಾಡಿದ್ದಳು. ನಮ್ಮವರಿಗೆ ಬಡಿಸುತ್ತಾ, "ನೋಡಿ ಅಂಕಲ್, ನಮ್ಮನೇಲಿ ಇರೋದು ಎರಡು ಜೊತೆ ಕಾಲು, ಸೈಕಲ್ಲು ಮಾತ್ರ ಒಂಬತ್ತು. ಸ್ವಲ್ಪ ಬುದ್ಧಿ ಹೇಳಿ," ಎಂದಳು. ಒಂಬತ್ತಕ್ಕೂ ಸರಿಯಾದ ಪೋಸ್ಟ್ ಇದೆಯೋ ಇಲ್ಲವೋ ಅಷ್ಟು ಹೇಳು ಎಂದು ನಮ್ಮವರು ಕೇಳಿದರು. ಎಲ್ಲರೂ ನಕ್ಕರು. ಕೇಶವ್ ನಗುವ ಮೊದಲು ಒಂದು ಕ್ಷಣ ತಡೆದದ್ದನ್ನು ನಾನು ನೋಡಿದೆ.

ಊಟವಾದ ಮೇಲೆ ನಮ್ಮವರು ಸೋಫಾದಲ್ಲಿ ಕಣ್ಣು ಮುಚ್ಚಿದರು. ಕೇಶವ್ ನನಗೆ ಗರಾಜು ತೋರಿಸಿದ. ಮೂಲೆಯ ಕಪಾಟಿನಲ್ಲಿ ಒಂದು ಟವೆಲ್ ಹಾಸಿ ಅದರ ಮೇಲೆ ಏಳು ಪೋಸ್ಟುಗಳನ್ನು ಸಾಲಾಗಿ ಇಟ್ಟಿದ್ದ. ಒಂದೊಂದಕ್ಕೂ ನಮ್ಮವರ ಚೀಟಿ ಹಾಗೇ ಇತ್ತು. ಯಾವುದನ್ನೂ ಸೈಕಲ್ಲಿಗೆ ಹಾಕಿರಲಿಲ್ಲ.

ನಾನು ಕೇಳುವ ಮೊದಲೇ ಅವನು ದನಿ ತಗ್ಗಿಸಿ ಹೇಳಿದ. ಮೊದಲ ಸಲ ಅಳತೆ ತಪ್ಪಿ ಬಂದಾಗ ಕೈತಪ್ಪು ಎಂದುಕೊಂಡನಂತೆ. ನಾಲ್ಕಾರು ಬಂದ ಮೇಲೆ, ಎಲ್ಲದರಲ್ಲೂ ಪಾಯಿಂಟಿನ ಮುಂದಿನದು ಎರಡರಷ್ಟಾಗಿದೆ ಎಂದು ಹೊಳೆಯಿತಂತೆ.

"ಅಂಕಲ್‌ಗೆ ಹೇಳೋಕೆ ಮನಸ್ಸು ಬರ್ಲಿಲ್ಲ ಆಂಟಿ. ಅದಕ್ಕೆ ನಂಗೆ ಬೇಕಾಗಿರೋದರ ಡಬಲ್ ಆರ್ಡರ್ ಮಾಡೋಕೆ ಶುರು ಮಾಡ್ದೆ. ಪಾಯಿಂಟ್ ನಾಲ್ಕು ಬೇಕಿದ್ರೆ ಪಾಯಿಂಟ್ ಎಂಟು ಕಳ್ಸಿ ಅಂತಿದ್ದೆ. ಸರಿಯಾಗಿ ಬರ್ತಿತ್ತು. ಜೂನ್‌ನಲ್ಲಿ ಇದ್ದಕ್ಕಿದ್ದ ಹಾಗೆ ಮತ್ತೆ ತಪ್ಪಾಯ್ತು. ನಿಜವಾಗ್ಲೂ ಪಾಯಿಂಟ್ ಎಂಟೇ ಬಂದ್ಬಿಡ್ತು."

"ಅದು ನಾನು," ಎಂದೆ.

ಅವನು ನನ್ನ ಮುಖ ನೋಡಿದ. ಇಬ್ಬರಿಗೂ ನಗು ಬಂತು. ನಗುತ್ತಾ ನಗುತ್ತಾ ನನ್ನ ಕಣ್ಣು ತುಂಬಿತು. ಅವನು ಕೈ ಒರೆಸುವ ಶುಭ್ರವಾದ ಬಟ್ಟೆಯೊಂದನ್ನು ಹುಡುಕಿ ತಂದುಕೊಟ್ಟ. ನನಗಿಂತ ಮೊದಲೇ ಒಬ್ಬ ಪರ ಊರಿನ ಹುಡುಗ ಇದನ್ನು ಕಂಡು, ಮುಚ್ಚಿಟ್ಟು, ಹೊತ್ತಿದ್ದ.

ಅಷ್ಟರಲ್ಲಿ ನಮ್ಮವರು ಬಾಗಿಲಲ್ಲಿ ನಿಂತಿದ್ದರು. ಕೇಶವ್ ಸರಕ್ಕನೆ ಟವೆಲಿನ ಅಂಚನ್ನು ಪೋಸ್ಟುಗಳ ಮೇಲೆ ಮಡಚಿದ. ಅವರು ಅತ್ತ ನೋಡಲಿಲ್ಲ. ಅವರ ಕಣ್ಣು ಗೋಡೆಗೆ ತೂಗುಹಾಕಿದ್ದ ಹಸಿರು ಸೈಕಲ್ ಫ್ರೇಮಿನ ಮೇಲಿತ್ತು. ಸ್ಕೋಕಿಯಲ್ಲಿ ಯಾರದೋ ಮನೆ ಖಾಲಿಯಾಗುವಾಗ ಸಿಕ್ಕಿದ್ದು, ಹೆಸರಿಲ್ಲ, ಸ್ಟಿಕ್ಕರಿಲ್ಲ, ಬಾಗಿಲಿಗೆ ಬಳಿಯುವ ಬಣ್ಣ ಬಳಿದಿದ್ದಾರೆ ಎಂದು ಕೇಶವ್ ಹೇಳಿದ. ಇನ್ನೊಂದು ದಿನ ನೋಡೋಣ ಎಂದೂ ಸೇರಿಸಿದ. ನಮ್ಮವರು ಆಗಲೇ ಕ್ಯಾಲಿಪರ್ಸನ್ನು ಚೀಲದಿಂದ ತೆಗೆದಿದ್ದರು.

ಸೀಟಿನ ಕೊಳವೆಯ ಬಾಯೊಳಗೆ ಅದರ ಮೇಲಿನ ಮೂತಿ ಇಳಿಸಿ, ಮೆಲ್ಲಗೆ ಅಗಲಿಸಿ, ತಿರುಪು ಬಿಗಿದು ಹೊರತೆಗೆದರು. ಬೆಳಕಿಗೆ ಹಿಡಿದರು. ಬಹಳ ಹೊತ್ತು ನೋಡಿದರು.

ಆಮೇಲೆ ಅದನ್ನು ನನ್ನತ್ತ ಚಾಚಿದರು. "ವತ್ಸಲಾ, ಕನ್ನಡಕ ಮರೆತು ಬಂದಿದೀನಿ. ನೀನೇ ಓದು."

ಕನ್ನಡಕ ಅವರ ಮೂಗಿನ ಮೇಲೇ ಇತ್ತು.

"ಇಪ್ಪತ್ತೇಳು ಪಾಯಿಂಟ್ ಎರಡು," ಎಂದೆ.

ಅವರ ಮುಖ ಅರಳಿತು. ಫ್ರೇಮನ್ನು ಇಳಿಸಿ, ಉಗುರಿನಿಂದ ಕೊಳವೆಯನ್ನು ಮೀಟಿ ಕೇಳಿಸಿದರು. ತುದಿಯಲ್ಲಿ ಒಂದು ಸದ್ದು, ನಡುವೆ ಒಂದು ಸದ್ದು. ಎರಡು ತುದಿಗೂ ಗೋಡೆ ದಪ್ಪ, ನಡುವೆ ತೆಳು, ಅದಕ್ಕೇ ಹೀಗೆ ಹಾಡುತ್ತೆ ಎಂದರು. ಬಣ್ಣ ಕೆರೆಯುವಾಗ ಕೊಳವೆಗಳು ಕೂಡುವ ಕಡೆ ಮೆಲ್ಲಗೆ ಕೆರೆ, ಮಾಡಿದವನ ಗುರುತು ಅಲ್ಲಿ ಸಿಗಬಹುದು ಎಂದರು. ಅರ್ಧ ಗಂಟೆ ಹೇಳಿದರು, ಒಂದು ಮಾತೂ ತಪ್ಪಲಿಲ್ಲ. ಕೇಶವ್ ವಿದ್ಯಾರ್ಥಿಯ ಹಾಗೆ ಕೈಕಟ್ಟಿ ನಿಂತು ಕೇಳಿದ.

ಹೊರಡುವಾಗ ನಮ್ಮವರು ಕಾರಿನ ಬೀಗದ ಕೈಯನ್ನು ನನ್ನ ಕೈಗಿಟ್ಟು, ತಾವು ಸುತ್ತಿ ಬಂದು ಪಕ್ಕದ ಸೀಟಿನಲ್ಲಿ ಕೂತರು. ಮದುವೆಯಾದಾಗಿನಿಂದ ಹಾಗೆ ಮಾಡಿದವರಲ್ಲ. ರೇಣು ಕಿಟಕಿಯಿಂದ ಒಂದು ಡಬ್ಬಿ ಕೊಟ್ಟು, ದಾರಿಯಲ್ಲಿ ನಿಧಾನವಾಗಿ ಹೋಗಿ ಆಂಟಿ ಎಂದಳು.

ಅರ್ಧ ದಾರಿಯಲ್ಲಿ ಕಲಮಜೂ ಊರು ದಾಟಿದೆವು. ಜುಲೈ ಆದ್ದರಿಂದ ಬಿಸಿಲು ಇನ್ನೂ ಇತ್ತು. ಕ್ಯಾಲಿಪರ್ಸ್ ಅವರ ತೊಡೆಯ ಮೇಲಿತ್ತು.

"ಬೆಳಿಗ್ಗೆ ಇಳಿದು ಹೋದಾಗ ದಿನಾ ಸ್ಕ್ರೂ ಸಡಿಲ ಆಗಿರೋದು," ಎಂದರು.

ನಾನು ರಸ್ತೆ ನೋಡುತ್ತಿದ್ದೆ.

"ಮುಂಚೆ ನಾನು ಬಿಗಿದು ಇಡ್ತಿರ್ಲಿಲ್ಲ ವತ್ಸಲಾ. ಗೆರೆ ಕೂಡೋದು ಕಾಣತ್ತೆ, ಆಮೇಲೆ ಏನು ಮಾಡ್ಬೇಕು ಅನ್ನೋದು ಕೈ ಬಿಟ್ಟು ಹೋಗತ್ತೆ. ನೀನು ಓದಬಲ್ಲೆ ಅಂತ ಗೊತ್ತಿತ್ತು. ಅದಕ್ಕೇ ಬಿಗಿದು ಇಟ್ಟೆ."

ಗೊತ್ತಾಗಬಾರದು ಎಂದು ನಾನು ಬೇಡಿಕೊಂಡದ್ದು, ನನಗೆ ಗೊತ್ತಾಗುವ ಮೊದಲೇ ಅವರಿಗೆ ಗೊತ್ತಿತ್ತು. ಮೇಜಿನ ಮೇಲೆ ದಿನಾ ಒಂದು ಪೋಸ್ಟನ್ನು ಬಿಗಿದಿಟ್ಟು, ಸ್ನಾನದ ನೀರು ಜೋರಾಗಿ ಬಿಟ್ಟುಕೊಂಡು, ನಾನು ಇಳಿದು ಹತ್ತಿ ಬರುವವರೆಗೆ ಒಳಗೇ ಕಾಯುತ್ತಿದ್ದರು.

ಡಾಕ್ಟರಿಗೆ ತೋರಿಸೋಣ ಎಂದೆ. ಕೆಲಸದ ಜೊತೆ ಇನ್ಶೂರೆನ್ಸೂ ಹೋಯಿತಲ್ಲ ಎಂದರು. ಆ ಮಾತನ್ನೂ ಅವರು ತಿಂಗಳುಗಟ್ಟಲೆ ಒಳಗೇ ಇಟ್ಟುಕೊಂಡಿದ್ದರು ಎಂದು ಅವರ ದನಿಯಿಂದ ತಿಳಿಯಿತು.

"ಸರ್ಕಾರದ ಮೆಡಿಕೇರ್ ಸಿಗೋದು ಅರವತ್ತೈದಕ್ಕೆ, ಇನ್ನು ನಾಲ್ಕು ವರ್ಷ. ಅಲ್ಲೀವರೆಗೂ ನೀನು ಓದು, ನಾನು ಹೇಳ್ತೀನಿ."

ಆಗಲಿ ಎಂದೆ. ಮುಂದೆ ಬರುವ ಎಕ್ಸಿಟ್ಟಿನ ಹೆಸರನ್ನು ಜೋರಾಗಿ ಓದಿದೆ. ಅವರು ಕ್ಯಾಲಿಪರ್ಸಿನ ತಿರುಪನ್ನು ಸಡಿಲಿಸಿ, ಬಾಯಿ ಮುಚ್ಚಿಸಿ, ಅದನ್ನು ನನ್ನ ಕೈಚೀಲದೊಳಗೆ ಇಟ್ಟರು.