ಸಿಕ್ಕಿದ ಎರಡು ನಿಮಿಷ

ಒತ್ತಮ್ಮಾ, ಬ್ರೇಕ್ ಒತ್ತು, ಎರಡು ನಿಮಿಷ ಪುಕ್ಕಟೆ ಸಿಕ್ತಲ್ಲ, ಎನ್ನುತ್ತಿದ್ದಾನೆ ಹಿಂದಿನಿಂದ ಜಾಹೀರಾತು ವಿಭಾಗದ ಅಣ್ಣ, ಟಿವಿ ಪ್ರಸಾರದ ಕೋಣೆಯಲ್ಲಿ ನನ್ನ ಕುರ್ಚಿಗೆ ಬೆರಳು ಬಡಿಯುತ್ತಾ, ಪಾಪ, ಅವನ ಕಷ್ಟ ಅವನಿಗೆ, ಬೆಳಿಗ್ಗೆಯಿಂದ ಎರಡೂ ತುದಿಗೆ ಸ್ಪಿನ್ನರುಗಳೇ, ಓವರ್ ಮುಗಿದು ಉಸಿರು ಬಿಡುವಷ್ಟರಲ್ಲಿ ಮುಂದಿನವನು ಚೆಂಡು ಹಿಡಿದು ನಿಂತಿರುತ್ತಾನೆ, ನಲವತ್ತು ಸೆಕೆಂಡು ಸಿಗಬೇಕಾದ ಕಡೆ ಇಪ್ಪತ್ತು, ಐದು ಜಾಹೀರಾತು ಹಾಗೇ ಉಳಿದುಬಿಟ್ಟಿವೆ — ಈಗ ವೇಗದ ಬೌಲರ್ ಬಂದ, ಎರಡನೆಯ ಚೆಂಡೇ ಹೆಲ್ಮೆಟ್ಟಿಗೆ, ಟಕ್ ಎಂದ ಸದ್ದು ನನ್ನ ಹೆಡ್‌ಫೋನಿನಲ್ಲೂ ಕೇಳಿತು, ಬ್ಯಾಟ್ಸ್‌ಮನ್ ಹುಲ್ಲಿನ ಮೇಲೆ, ಗ್ಲೌಸಿನ ಕೈ ಅಂಗಾತ. ಬಿದ್ದೋರು ಕೈ ಅಲ್ಲಾಡಿಸೋ ತನಕ ಬ್ರೇಕ್ ಒತ್ತಬೇಡ ಕಣೇ, ಕೆಲಸ ಕಲಿಸಿದ ಅಕ್ಕ ಹೇಳಿದ್ದು ಇಷ್ಟೇ, ಎಲ್ಲೂ ಬರೆದಿಟ್ಟ ನಿಯಮವಲ್ಲ, ಅವಳಿಂದ ನನಗೆ ಬಂತು, ಆದರೆ ಹೋದ ವಾರ ನಾನೇ ಜಾಹೀರಾತಿನ ಬ್ರೇಕಿನಿಂದ ಪಂದ್ಯಕ್ಕೆ ತಡವಾಗಿ ಹಿಂತಿರುಗಿ ಒಂದು ವಿಕೆಟ್ ನುಂಗಿಹಾಕಿದ್ದೆ, ಊರೆಲ್ಲಾ ಬೈದಿತ್ತು, ಇನ್ನೊಂದ್ಸಲ ಎಡವಟ್ಟಾದ್ರೆ ಆ ಕುರ್ಚೀಲಿ ಬೇರೆಯವರು ಕೂರ್ತಾರೆ, ಎಂದಿದ್ದರು ನಿರ್ದೇಶಕರು, ಬೈದೂ ಇರಲಿಲ್ಲ, ಚಹಾ ಕುಡಿಯುತ್ತಾ ಹೇಳಿದ್ದರು, ಅದಕ್ಕೇ ಹೆದರಿಕೆ — ಸಾಲಿನಲ್ಲಿ ಮೊದಲನೆಯದು ಸಾಬೂನಿನದು, ಗುಳ್ಳೆ ಊದಿಕೊಂಡು ನಗುವ ಸಂಸಾರ, ಒತ್ತಿದರೆ ಈ ಬಿದ್ದವನ ತಾಯಿ ಎಲ್ಲೋ ಟಿವಿ ಮುಂದೆ ಕೂತು ಗುಳ್ಳೆ ನೋಡುತ್ತಿರಬೇಕು, ನಮ್ಮ ಮನೆಯ ಯಜಮಾನರು ಏಣಿಯಿಂದ ಬಿದ್ದ ದಿನ ಆಸ್ಪತ್ರೆಗೆ ಫೋನ್ ಮಾಡಿದೆ, ಒಂದ್ನಿಮಿಷ ಇರಿ ಮೇಡಂ, ಅಂದಳು ಆ ಕಡೆಯವಳು, ಆಮೇಲೆ ಪೀಪಿಯ ಸಂಗೀತ, ಕುಣಿಯುವಂಥದ್ದು, ನಾನು ಅಡುಗೆಮನೆಯಲ್ಲಿ ಒದ್ದೆ ಕೈಯಲ್ಲಿ ನಿಂತು ಏಳು ನಿಮಿಷ ಅದನ್ನೇ ಕೇಳಿದೆ, ಅವರಿಗೆ ಬರೀ ಕಾಲು ಮುರಿದಿತ್ತು, ಈಗ ಮೆಟ್ಟಿಲು ಹತ್ತುವಾಗಲೆಲ್ಲ ಹವಾಮಾನ ವರದಿ ಕೊಡುತ್ತಾರೆ, ಮಂಡಿ ಹೇಳ್ತಿದೆ ಕಣೇ, ಚಳಿ ಬರತ್ತಂತೆ — ಆದರೆ ಆ ಏಳು ನಿಮಿಷ ಅದು ಗೊತ್ತಿರಲಿಲ್ಲವಲ್ಲ. ವೈದ್ಯರು ಓಡಿ ಬಂದರು, ಮೊಣಕಾಲೂರಿದರು, ನಾಲ್ಕನೆಯ ಕ್ಯಾಮೆರಾದವನು ಹತ್ತಿರ ಹೋದ, ಪರದೆ ತುಂಬ ಆ ಕೈ. ಅಯ್ಯೋ ತಾಯಿ, ಅವ್ನು ಎದ್ದುಬಿಟ್ರೆ ಈ ಟೈಮೂ ಹೋಗತ್ತೆ, ಎನ್ನುತ್ತಾನೆ ಅಣ್ಣ, ಏಳಲಿ ಬಿಡಣ್ಣ, ಅದಕ್ಯಾಕೆ ಅಳ್ತೀಯ, ಎಂದುಬಿಟ್ಟೆ, ಪಕ್ಕದ ಧ್ವನಿ ವಿಭಾಗದವನು ಕಿಸಕ್ಕೆಂದ, ಅಷ್ಟರಲ್ಲಿ ಹೆಡ್‌ಫೋನಿನಲ್ಲಿ ನಿರ್ದೇಶಕರು, ಏನ್ರೀ, ಬ್ರೇಕ್ ರೆಡಿ ಇಲ್ವಾ, ರೆಡಿ ಇದೆ ಸರ್, ಎಂದೆ, ಮತ್ತೆ, ಎಂದರು, ಕೈ ಅಲ್ಲಾಡಿಲ್ಲ ಸರ್, ನಾನು ಒತ್ತಲ್ಲ. ಆ ಕಡೆ ಯಾರೋ ಕೆಮ್ಮಿದ ಸದ್ದು, ಆಮೇಲೆ ನಿರ್ದೇಶಕರು, ಕುರ್ಚಿ ನಿಮ್ದು, ನಾಳೆ ಉತ್ತರ ಕೊಡೋದೂ ನೀವೇ, ಆಯ್ತು ಸರ್, ಎಂದೆ, ಕೈಯನ್ನು ಬಟನ್ನಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡೆ, ಪರದೆ ತುಂಬ ಆ ಕೈ, ವೈದ್ಯರು ಪಟ್ಟಿ ಬಿಚ್ಚಿ ಗ್ಲೌಸನ್ನು ಮೆಲ್ಲಗೆ ಎಳೆಯುತ್ತಿದ್ದಾರೆ, ಕಿರುಬೆರಳು ಹೊರಬಂತು, ಉಂಗುರಬೆರಳು, ಬೆವರಿಗೆ ಬಿಳಿಚಿಕೊಂಡ ಬರೀ ಕೈ, ಆ ಕೈ — ವೈದ್ಯರ ಹೆಬ್ಬೆರಳನ್ನು ಹಿಡಿದುಕೊಂಡಿತು.