ಹಾರುವ ಅರಮನೆಯ ಎಂಟನೇ ಮಂತ್ರಿ

ತೆಲುಗರ ಊರಾದ ಮಣಿಕೊಂಡದ ಒಂದು ಅಪಾರ್ಟ್‌ಮೆಂಟಿನಲ್ಲಿ ಹನ್ನೊಂದು ಕನ್ನಡ ಕುಟುಂಬಗಳಿದ್ದವು. ಹೆಚ್ಚಿನವರು ಕಲಬುರಗಿ, ಬೀದರ, ಯಾದಗಿರಿ ಕಡೆಯವರು. ಎಲ್ಲರಿಗೂ ಸೇರಿ ಒಂದು ವಾಟ್ಸಾಪ್ ಗುಂಪಿತ್ತು. ನೀರಿನ ಟ್ಯಾಂಕರ್ ಬಂತೇ, ಒಳ್ಳೆಯ ಜೋಳದ ಹಿಟ್ಟು ಎಲ್ಲಿ ಸಿಗುತ್ತದೆ ಎಂಬ ವಿಚಾರಗಳ ನಡುವೆ ಪ್ರತಿ ಶುಕ್ರವಾರ ಸಂಜೆ ಅದರಲ್ಲಿ ಸುವರ್ಣಾಳ ಸಿನಿಮಾ ಪಟ್ಟಿ ಬರುತ್ತಿತ್ತು.

ಅದು ಶುರುವಾದದ್ದು ಮಗಳು ನಿರೀಕ್ಷಾಳ ಕಾಟದಿಂದ. ಎಂಟು ವರ್ಷದ ಆ ಹುಡುಗಿ ಹಾರುವ ಅರಮನೆಯ ಸಿನಿಮಾವನ್ನು ಒಂಬತ್ತು ಸಲ ನೋಡಿದಳು. ಹತ್ತನೆಯ ಸಲ ತಾಯಿ ಟಿವಿ ಆರಿಸಿದಾಗ, ಹಾಗಾದರೆ ಆ ಮಾಟಗಾತಿ ಇನ್ನು ಯಾವ ಯಾವ ಸಿನಿಮಾದಲ್ಲಿದ್ದಾಳೆ ಹೇಳು ಎಂದು ಹಟ ಹಿಡಿದಳು. ಸುವರ್ಣಾ ಹುಡುಕಿದಳು, ನೋಡಿದಳು, ಗುಂಪಿನಲ್ಲಿ ಬರೆದಳು: ‘ಮಾಟಗಾತಿ ಇದರಲ್ಲಿ ಅಂಗನವಾಡಿ ಟೀಚರ್. ಮಕ್ಕಳು ಹೆದರುವುದಿಲ್ಲ.’ ಮುಂದಿನ ವಾರ ಅದೇ ಸಿನಿಮಾದ ರಾಜಕುಮಾರನ ಸರದಿ: ‘ಇದರಲ್ಲಿ ಬಸ್ ಕಂಡಕ್ಟರ್. ಇಂಟರ್ವಲ್ ಆದಮೇಲೆ ನಿದ್ದೆ ಬಂದರೆ ನನ್ನನ್ನು ಬೈಯಬೇಡಿ.’ ಸ್ವತಃ ನೋಡದ ಸಿನಿಮಾವನ್ನು ಆಕೆ ಯಾರಿಗೂ ಹೇಳುತ್ತಿರಲಿಲ್ಲ. ಹೀಗಾಗಿ ಜನ ನಂಬುತ್ತಿದ್ದರು.

ಒಂದು ಶನಿವಾರ ಬೆಳಿಗ್ಗೆ ಎರಡನೇ ಮಹಡಿಯ ಸಿದ್ದರಾಮಪ್ಪ ಬಂದು ಸುವರ್ಣಾಳ ಮನೆಯ ಸೋಫಾದಲ್ಲಿ ಕುಳಿತರು. ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್ ಆಗಿದ್ದು ನಿವೃತ್ತರಾದವರು. ಆರಡಿ ಎತ್ತರ, ಕೆನ್ನೆಯವರೆಗೆ ತಿರುಗಿದ ಬಿಳಿ ಮೀಸೆ. ಆ ಮೀಸೆಯನ್ನು ನೋಡಿಯೇ, ಸಿನಿಮಾಗಳಿಗೆ ಜನ ಹೊಂದಿಸಿ ಕೊಡುವ ಸಾಬಣ್ಣ ಎಂಬವನು ಅವರನ್ನು ಹಾರುವ ಅರಮನೆಯ ದರ್ಬಾರಿನಲ್ಲಿ ಎಂಟನೇ ಮಂತ್ರಿಯಾಗಿ ನಿಲ್ಲಿಸಿದ್ದ. ಅವರ ಹೆಂಡತಿ ಉಮಾಬಾಯಿ ಆ ದೃಶ್ಯವನ್ನು ಮೊಬೈಲಿನಲ್ಲಿ ಇಟ್ಟುಕೊಂಡು ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ತೋರಿಸುತ್ತಿದ್ದರು.

“ರಾಜಕುಮಾರಂದು ಬರದಿ, ಮಾಟಗಾತೀದು ಬರದಿ, ಕುದುರಿ ಹಿಡಕೊಂಡು ನಿಂತಾಂವಂದು ಸೈತ ಬರದಿ. ನಂದು ಬಿಟ್ಟೀಯಲ್ಲವಾ ಸುವರ್ಣಾ” ಎಂದರು ಸಿದ್ದರಾಮಪ್ಪ.

ಸುವರ್ಣಾಳಿಗೆ ನಾಚಿಕೆಯಾಯಿತು. ಬೇರೆ ಸಿನಿಮಾ ಮಾಡಿದ್ದೀರಾ ಕಾಕಾ ಎಂದು ಕೇಳಿದಳು. ಮಾಡಿದ್ದರು, ಒಂದು. ಅದೇ ರಾಜಕುಮಾರ ಹಳ್ಳಿಯ ಹುಡುಗನಾಗಿರುವ ಸಿನಿಮಾ. ಪಾತ್ರ ದೊಡ್ಡದೇ ಎಂದು ಕೇಳಿದ್ದಕ್ಕೆ ಅವರು ಮೀಸೆ ತಿರುವಿದರು. ದೃಶ್ಯದ ಉದ್ದಕ್ಕೂ ಎಲ್ಲರೂ ತಮ್ಮ ಸುತ್ತಲೇ ಇರುತ್ತಾರೆ, ಹೀರೋ ತಮ್ಮ ಕಾಲು ಹಿಡಿದುಕೊಂಡು ಅಳುತ್ತಾನೆ, ಮಾತು ಮಾತ್ರ ಇಲ್ಲ, ಬರೀ ಅಭಿನಯ ಎಂದರು.

ಆ ವಾರ ಆಫೀಸಿನಲ್ಲಿ ಆಡಿಟ್ ಇತ್ತು. ಸುವರ್ಣಾ ತನ್ನ ನಿಯಮವನ್ನು ಮೊದಲ ಸಲ ಮುರಿದು, ಸಿನಿಮಾ ನೋಡದೆಯೇ ಬರೆದುಬಿಟ್ಟಳು: ‘ನಮ್ಮ ಎಂಟನೇ ಮಂತ್ರಿಗಳು ಇದರಲ್ಲಿ ಮನೆಯ ಹಿರಿಯರು. ಹೀರೋನೇ ಕಾಲಿಗೆ ಬೀಳುತ್ತಾನೆ. ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಎಲ್ಲರೂ ಕೂಡಿ ನೋಡೋಣ.’

ಕೂಡಿ ನೋಡುವುದು ಸಿದ್ದರಾಮಪ್ಪನವರ ಲೆಕ್ಕದಲ್ಲಿ ಇರಲಿಲ್ಲ. ಶನಿವಾರ ಅವರು ಎರಡು ಸಲ ಮೇಲೆ ಬಂದರು. ಒಂದು ಸಲ ಪ್ರಿಂಟ್ ಚೆನ್ನಾಗಿಲ್ಲ ಎಂದರು, ಇನ್ನೊಂದು ಸಲ ಭಾನುವಾರ ಕರೆಂಟ್ ಇರುವುದಿಲ್ಲವಂತೆ ಎಂದರು. ಸುವರ್ಣಾ ಅದನ್ನು ಸಂಕೋಚ ಎಂದುಕೊಂಡಳು.

ಭಾನುವಾರ ಹಾಲ್ ತುಂಬಿತು. ಉಮಾಬಾಯಿ ಇಳಕಲ್ ಸೀರೆ ಉಟ್ಟು ಮುಂದಿನ ಕುರ್ಚಿಯಲ್ಲಿ ಕುಳಿತರು. ಚುರುಮುರಿಯ ತಟ್ಟೆಗಳು ಕೈಯಿಂದ ಕೈಗೆ ಹೋದವು. ಪರದೆಯ ಮೇಲೆ ಮುದುಕರು ಯಾರು ಕಂಡರೂ, ಇವರೇನು, ಇವರೇನು ಎಂದು ನಿರೀಕ್ಷಾ ಕೇಳುತ್ತಿದ್ದಳು. ಸಿದ್ದರಾಮಪ್ಪ ನೀರು ಕುಡಿಯಲು ಮೂರು ಸಲ ಅಡುಗೆಮನೆಗೆ ಹೋದರು.

ನಲವತ್ತನೇ ನಿಮಿಷಕ್ಕೆ ಪರದೆಯ ಮೇಲೆ ಅವರು ಬಂದರು. ನಾಲ್ಕು ಜನ ಹೊತ್ತುಕೊಂಡು ಬಂದರು. ಬಿದಿರಿನ ಚಟ್ಟ, ಮೂಗಿನಲ್ಲಿ ಹತ್ತಿ, ಕೊರಳಲ್ಲಿ ಚೆಂಡು ಹೂವಿನ ಹಾರ. ಹೀರೋ ಓಡಿ ಬಂದು ಕಾಲು ಹಿಡಿದುಕೊಂಡು ಅತ್ತ. ಹಸಿರು ಸೀರೆಯ ಹೆಂಗಸೊಬ್ಬಳು ಎದೆಯ ಮೇಲೆ ಬಿದ್ದು ತೆಲುಗಿನಲ್ಲಿ ಗೋಳಾಡಿದಳು.

ಚುರುಮುರಿ ಅಗಿಯುತ್ತಿದ್ದ ಬಾಯಿಗಳೆಲ್ಲ ನಿಂತವು.

“ಅಜ್ಜನ ಹೊಟ್ಟಿ ಅಳ್ಳಾಡಾಕತ್ತೈತಿ” ಎಂದಳು ನಿರೀಕ್ಷಾ.

ಸುವರ್ಣಾ ರಿಮೋಟಿಗಾಗಿ ತಡಕಾಡಿದಳು. ಗಾಬರಿಯಲ್ಲಿ ತಪ್ಪು ಗುಂಡಿ ಒತ್ತಿದ್ದರಿಂದ ಚಿತ್ರ ಅಲ್ಲಿಯೇ ನಿಂತುಬಿಟ್ಟಿತು. ಚಟ್ಟದ ಮೇಲೆ ಸಿದ್ದರಾಮಪ್ಪ, ಅವರ ಮೇಲೆ ಆ ಹೆಂಗಸು. ಉಮಾಬಾಯಿ ತಟ್ಟೆಯನ್ನು ನೆಲಕ್ಕಿಟ್ಟು ಹಾಗೆಯೇ ನೋಡುತ್ತಿದ್ದರು. ಕೊನೆಗೆ ಅಡುಗೆಮನೆಯ ಬಾಗಿಲ ಕಡೆಗೆ ತಿರುಗಿದರು.

“ನಮ್ಮ ಜನದಾಗ ಸತ್ತಾರನ್ನ ಕುಂದರಿಸಿ ಒಯ್ದು ಮಣ್ಣ ಕೊಡ್ತಾರ. ಇವರು ನಿಮ್ಮನ್ನ ಅಡ್ಡ ಮಲಗಿಸಿ ಸುಡಾಕ ಒಯ್ಯಾಕತ್ತಾರ. ನೀವು ಒಂದ ಮಾತೂ ಅನ್ನಲಿಲ್ಲೇನ್ರಿ?”

“ಸತ್ತಾಂವ ಹ್ಯಾಂಗ ಮಾತಾಡ್ಲಿ?” ಎಂದರು ಸಿದ್ದರಾಮಪ್ಪ.

ಉಮಾಬಾಯಿ ಮತ್ತೆ ಪರದೆಯ ಕಡೆ ನೋಡಿದರು. “ಆಕಿ ಕಣ್ಣಾಗ ಒಂದ ಹನಿ ನೀರಿಲ್ಲ” ಎಂದು ಹೇಳಿ ಎದ್ದು ಹೋದರು.

ನಾಲ್ಕು ದಿನ ಅವರು ಗಂಡನ ಜೊತೆ ಮಾತಾಡಲಿಲ್ಲ. ರೊಟ್ಟಿ ಮಾತ್ರ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಸುವರ್ಣಾ ಕೈಮುಗಿದು, ತಪ್ಪು ನನ್ನದು ಕಾಕು, ನೋಡದೆ ಬರೆದೆ ಎಂದಾಗ ಉಮಾಬಾಯಿ ಆಕೆಯನ್ನು ಬೈಯಲಿಲ್ಲ. ಆ ಸಾಬಣ್ಣ ಎಲ್ಲಿ ಸಿಗುತ್ತಾನೆ ಎಂದಷ್ಟೇ ಕೇಳಿದರು.

ಸಾಬಣ್ಣ ಆ ದಿನ ಊರಿನ ಇನ್ನೊಂದು ತುದಿಯ ಉಪ್ಪಲ್ ಆಚೆಯ ಒಂದು ಹಳೇ ಗೋದಾಮಿನಲ್ಲಿದ್ದ. ಅಲ್ಲಿ ಶೂಟಿಂಗ್ ನಡೆಯುತ್ತಿತ್ತು. ಸುವರ್ಣಾ ರಜೆ ಹಾಕಿ ಉಮಾಬಾಯಿಯವರನ್ನು ಕರೆದೊಯ್ದಳು. ಸಿದ್ದರಾಮಪ್ಪ ಕರೆಯದಿದ್ದರೂ ಸ್ಕೂಟರಿನಲ್ಲಿ ಹಿಂದೆಯೇ ಬಂದರು. ಇನ್ನು ಮುಂದೆ ಇವರನ್ನು ಸಾಯಿಸಕೂಡದು ಎಂದು ಉಮಾಬಾಯಿ ಹೇಳಿದರು. ಸಾಬಣ್ಣ ಯಾದಗಿರಿಯವನು, ಮರ್ಯಾದಸ್ಥ. ಆಗಲಿ ಅಕ್ಕಾ, ಇನ್ನು ಮದುವೆ, ಪಂಚಾಯಿತಿಗೆ ಮಾತ್ರ ಕರೆಯುತ್ತೇನೆ ಎಂದು ಒಪ್ಪಿಕೊಂಡ.

ಅಷ್ಟಕ್ಕೆ ಮುಗಿಯಬೇಕಿತ್ತು. ಆದರೆ ಅಲ್ಲಿಯೂ ಸಾವಿನ ದೃಶ್ಯವೇ ನಡೆಯುತ್ತಿತ್ತು. ಹೆಣದ ಮುಂದೆ ಅಳಬೇಕಾದ ಹುಡುಗಿ ಆರನೇ ಸಲವೂ ಸೀನುವಂತೆ ಅತ್ತಳು. ಉಮಾಬಾಯಿಗೆ ತಡೆಯಲಾಗಲಿಲ್ಲ. ಸುವರ್ಣಾ ಸೆರಗು ಹಿಡಿಯುವಷ್ಟರಲ್ಲಿ ಮುಂದೆ ಹೋಗಿ, ಮೂವತ್ತು ವರ್ಷ ತರಕಾರಿ ಮಾರುಕಟ್ಟೆಯಲ್ಲಿ ಕಲಿತ ತೆಲುಗಿನಲ್ಲಿ, ಹೀಗೆ ಯಾರೂ ಅಳುವುದಿಲ್ಲ ಎಂದರು. ನಿರ್ದೇಶಕ ಬೇಸತ್ತಿದ್ದ. ಹಾಗಾದರೆ ನೀವೇ ತೋರಿಸಿ ಅಮ್ಮಾ ಎಂದ.

ಉಮಾಬಾಯಿ ಹೆಣದ ಪಕ್ಕ ಕುಳಿತು ನಿಧಾನವಾಗಿ ಶುರು ಮಾಡಿದರು. ಮೊದಲು ಗುಣಗಾನ. ಆಮೇಲೆ ದೂರು: ಗ್ಯಾಸ್ ಬುಕ್ ಮಾಡದೆ ಹೋದೆಯಲ್ಲಾ, ಗೀಜರ್ ರಿಪೇರಿ ಮಾಡಿಸದೆ ಹೋದೆಯಲ್ಲಾ, ಚಹಾಕ್ಕೆ ಸಕ್ಕರೆ ಜಾಸ್ತಿ ಎಂದು ನಿನ್ನೆಯಷ್ಟೇ ಜಗಳ ಮಾಡಿದೆಯಲ್ಲಾ, ಇನ್ನು ಯಾರ ಜೊತೆ ಜಗಳವಾಡಲಿ. ಲೈಟ್ ಹಿಡಿದವನು ಮೊದಲು ನಕ್ಕ, ಆಮೇಲೆ ಕಣ್ಣು ಒರೆಸಿಕೊಂಡ. ಹೆಣದ ಪಾತ್ರದವನ ತುಟಿಯೂ ನಡುಗಿತು. ನಿರ್ದೇಶಕ ಆ ಹುಡುಗಿಯನ್ನು ಮಗಳ ಪಾತ್ರಕ್ಕೆ ಸರಿಸಿ, ಉಮಾಬಾಯಿಗೆ ಬಿಳಿ ಸೀರೆ ತರಿಸಲು ಹೇಳಿದ. ಉಮಾಬಾಯಿ ಬಿಳಿ ಸೀರೆ ಉಡುವುದಿಲ್ಲ, ಕುಂಕುಮವನ್ನೂ ತೆಗೆಯುವುದಿಲ್ಲ ಎಂದರು. ಅವರನ್ನು ಸತ್ತವನ ಅಕ್ಕನನ್ನಾಗಿ ಮಾಡಿದರು.

ಸಿದ್ದರಾಮಪ್ಪನವರಿಗೂ ಜಾಗ ಸಿಕ್ಕಿತು, ನೆರೆಹೊರೆಯವರ ಸಾಲಿನಲ್ಲಿ, ಹೆಂಡತಿಗೆ ನೇರ ಎದುರಿಗೆ. ಒಂದೇ ಸಲಕ್ಕೆ ಶಾಟ್ ಓಕೆ ಆಯಿತು.

ವಾಪಸ್ ಹೊರಡುವಾಗ ಉಮಾಬಾಯಿ ಸುವರ್ಣಾಳ ಕಾರು ಬಿಟ್ಟು ಗಂಡನ ಸ್ಕೂಟರಿನ ಹಿಂದೆ ಕುಳಿತರು. ಐದನೇ ದಿನ ಅವರ ನಡುವೆ ಮಾತು ಶುರುವಾಯಿತು.

“ಭಾಳ ಚಲೋ ಅತ್ತಿ. ಯಾರನ್ನ ನೆನಸಿದಿ?” ಎಂದು ಕೇಳಿದರು ಸಿದ್ದರಾಮಪ್ಪ.

“ನೆನಸೋದೇನೈತಿ. ನೀವು ಎದುರಿಗೇ ನಿಂತಿದ್ರಲ್ಲ, ತಾನಾಗೇ ಬಂತು.”

ಇದು ಪ್ರೀತಿಯೋ ಬೈಗುಳವೋ ಸಿದ್ದರಾಮಪ್ಪನವರಿಗೆ ತಿಳಿಯಲಿಲ್ಲ. ಕೇಳಿ ಖಚಿತ ಮಾಡಿಕೊಳ್ಳುವ ಧೈರ್ಯವೂ ಬರಲಿಲ್ಲ. ಗಟ್ಟಿಯಾಗಿ ಹಿಡಿದುಕೋ ಎಂದಷ್ಟೇ ಹೇಳಿ ಸ್ಕೂಟರ್ ಶುರು ಮಾಡಿದರು.