ಬಸ್ಯೂನಿಯ ಕೂಗು

ನೈಲ್ ಬಯಲಿನ ನಮ್ಮ ಲೈನಿನಲ್ಲಿ ಡ್ರೈವರನ ಮುಖ ಯಾರಿಗೂ ಗೊತ್ತಿರುವುದಿಲ್ಲ, ಅವನ ಕೂಗು ಮಾತ್ರ ಎಲ್ಲರಿಗೂ ಗೊತ್ತು. ಇಂಜಿನ್ನು ತನ್ನ ಊರು ದಾಟುವಾಗ ಪ್ರತಿ ಡ್ರೈವರೂ ಹಾರನ್ನಿನಲ್ಲಿ ತನ್ನದೇ ಒಂದು ರಾಗ ಎಳೆಯುತ್ತಾನೆ. ಅದನ್ನು ಕೇಳಿ ಮನೆಯಲ್ಲಿ ಅನ್ನಕ್ಕೆ ಎಸರಿಡುತ್ತಾರೆ. ಬೇರೆಯವರ ಕೂಗಿಗೆ ಎಸರಿಟ್ಟ ಹೆಂಗಸು ನಮ್ಮ ಕಡೆ ಇಲ್ಲವೇ ಇಲ್ಲ.

ಎಲ್ಲರಿಗಿಂತ ದೊಡ್ಡ ಕೂಗು ಉಸ್ತಾ ಬಸ್ಯೂನಿಯದು. ಉಸ್ತಾ ಅಂದರೆ ನಮ್ಮಲ್ಲಿ ಡ್ರೈವರನ್ನು ಗೌರವದಿಂದ ಕರೆಯುವ ಮಾತು. ಮೊದಲು ಒಂದು ಉದ್ದ, ಆಮೇಲೆ ಎರಡು ಗಿಡ್ಡ, ಕೊನೆಗೆ ಕಳೆದುಹೋದ ಕರು ಸಿಕ್ಕಿದ ಎಮ್ಮೆಯ ಹಾಗೆ ಒಂದು ಎಳೆತ. ಆ ಎಳೆತಕ್ಕೆ ಅವನ ಊರು ಕಫ್ರ್ ಶಲಬಿಯ ಎಮ್ಮೆಗಳು ಮೆಲುಕು ನಿಲ್ಲಿಸಿ ತಾವಾಗಿಯೇ ಹಾಲು ಬಿಡುತ್ತಿದ್ದವು. ಆ ಊರಲ್ಲಿ ಬಿಕ್ಕಳಿಕೆ ಹಿಡಿದವರು ಡಾಕ್ಟರ ಹತ್ತಿರ ಹೋಗುವುದಿಲ್ಲ, ಹಳಿಯ ಪಕ್ಕ ಬಂದು ಕೂರುತ್ತಾರೆ. ನಾನೇ ಕಣ್ಣಾರೆ ನೋಡಿದ್ದೇನೆ.

ಕೊರೊನಾ ಬಂದ ವಸಂತದಲ್ಲಿ ಸಂಜೆಯಾದರೆ ಕರ್ಫ್ಯೂ. ಸೂರ್ಯ ಮುಳುಗುವುದಕ್ಕೆ ಮೊದಲೇ ರೈಲುಗಳೆಲ್ಲ ಕೊಟ್ಟಿಗೆ ಸೇರಬೇಕು. ಅರ್ಧ ಸಿಬ್ಬಂದಿ ಮನೆಯಲ್ಲಿ, ಉಳಿದರ್ಧ ಕೆಲಸದಲ್ಲಿ. ಕೆಲಸದಲ್ಲಿರುವ ಡ್ರೈವರುಗಳು ಮನೆಗೆ ಹೋಗುವಂತಿಲ್ಲ, ಡಿಪೋದ ವಿಶ್ರಾಂತಿ ಕೋಣೆಯಲ್ಲೇ ಮಲಗಬೇಕು. ಸಣ್ಣ ನಿಲ್ದಾಣಗಳಲ್ಲಿ ನಿಲ್ಲುವುದನ್ನೂ ರದ್ದು ಮಾಡಿದ್ದರು, ಕಫ್ರ್ ಶಲಬಿಯೂ ಅದರಲ್ಲಿ ಸೇರಿತ್ತು. ಹಾಗಾಗಿ ಬಸ್ಯೂನಿಗೆ ಮನೆಯೆಂದು ಉಳಿದದ್ದು ಆ ಕೂಗೊಂದೇ. ಅವನು ಕೂಗುತ್ತಿದ್ದ. ಅವನ ತಾಯಿ ಬಹಾನಜ್ಜಿ ಮಾಳಿಗೆಯ ಮೇಲೆ ನಿಂತು ಜರಡಿ ಎತ್ತಿ ಆಡಿಸುತ್ತಿದ್ದಳು. ಅಷ್ಟರಲ್ಲೇ ಇಬ್ಬರಿಗೂ ಹೊಟ್ಟೆ ತುಂಬುತ್ತಿತ್ತು.

ಹೀಗಿರುವಾಗ ಡಿಪೋದಲ್ಲಿ ಎಲ್ಲರ ಮೂಗಿಗೂ ಕಡ್ಡಿ ಹಾಕಿ ಪರೀಕ್ಷೆ ಮಾಡಿದರು. ಬಸ್ಯೂನಿಗೆ ಜ್ವರವಿಲ್ಲ, ಕೆಮ್ಮಿಲ್ಲ, ಬೆಳಿಗ್ಗೆ ಬೇಯಿಸಿದ ಅವರೆ ಒಂದು ಬೋಗುಣಿ ತಿಂದು ಕೂತಿದ್ದ. ಆದರೂ ರೋಗ ಇದೆ ಎಂದರು. ಪಟ್ಟಣದ ಅಂಚಿನ ಹಾಸ್ಟೆಲನ್ನು ಸೋಂಕಿತರಿಗೆಂದು ಖಾಲಿ ಮಾಡಿಸಿದ್ದರು, ಅಲ್ಲಿಗೆ ಒಯ್ದರು. ಅವನ ಜೊತೆಗಾರನನ್ನೂ ಒಯ್ದರು.

ಡಿಪೋದ ದೊಡ್ಡ ಸಾಹೇಬರು ಯಾರ್ಡಿಗೆ ಬಂದರು. ನಾನು ಅಲ್ಲಿ ಬೋಗಿಗಳನ್ನು ಆಚೆ ಈಚೆ ತಳ್ಳಿ ಜೋಡಿಸುವ ಇಂಜಿನ್ನಿನ ಡ್ರೈವರ್.

"ಮಿತ್ವಲ್ಲಿ, ಕೆಮ್ಮು ಇದ್ಯಾ?"

"ಇಲ್ಲ ಸಾಹೇಬ್ರೆ."

"ಜ್ವರ?"

"ಅದೂ ಇಲ್ಲ."

"ಹಾಗಾದ್ರೆ ನಾಳೆಯಿಂದ ಮನ್ಸೂರಾ ಪ್ಯಾಸೆಂಜರ್ ನಿಂದೇ."

ಆ ಕಾಲದಲ್ಲಿ ಬಡ್ತಿ ಸಿಗುತ್ತಿದ್ದುದು ಹೀಗೆ.

ಸುದ್ದಿ ಹಾಸ್ಟೆಲ್ಲಿಗೆ ನನಗಿಂತ ಮೊದಲೇ ಮುಟ್ಟಿತ್ತು. ಬಸ್ಯೂನಿ ಫೋನ್ ಮಾಡಿದ.

"ಲೋ ಮಿತ್ವಲ್ಲಿ, ನನ್ನ ರೈಲು ಓಡಿಸ್ತೀಯಂತೆ. ಓಡಿಸು, ಬೇಜಾರಿಲ್ಲ. ಆದ್ರೆ ನಮ್ಮೂರು ದಾಟುವಾಗ ನನ್ನ ಕೂಗು ಕೂಗ್ಬೇಕು. ನಾನಿಲ್ಲಿದ್ದೀನಿ ಅಂತ ನಮ್ಮವ್ವಂಗೆ ಗೊತ್ತಾಗ್ಬಾರ್ದು."

"ಫೋನ್ ಮಾಡಿ ಚೆನ್ನಾಗಿದ್ದೀನಿ ಅಂತ ಹೇಳ್ಬಿಡು ಮಾರಾಯ."

"ಅವ್ಳು ಫೋನ್ ನಂಬಲ್ಲ. ಫೋನಲ್ಲಿ ಯಾರು ಬೇಕಾದ್ರೂ ಸುಳ್ಳು ಹೇಳ್ಬೋದು, ರೈಲು ಸುಳ್ಳು ಹೇಳಲ್ಲ ಅಂತಾಳೆ. ನಾನು ಮಿಲ್ಟ್ರಿಲಿದ್ದಾಗ ಒಂದು ಹಬ್ಬಕ್ಕೆ ಮನೆಗೆ ಬರ್ಲಿಲ್ಲ ಅಂತ ಮರಳುಗಾಡು ನಡ್ಕೊಂಡು ಬಂದು, ಪರೇಡ್ ನಡುವೆ ನನ್ನ ಕಿವಿ ಹಿಡಿದು ಎಳೆದೋಳು ಅವ್ಳು. ಇಲ್ಲಿಗೂ ನುಗ್ತಾಳೆ. ಅವಳ ಎದೆ ನಿಂಗೆ ಗೊತ್ತಲ್ಲ, ಚಳಿಗಾಲದಲ್ಲಿ ಕುಲುಮೆ ತಿದಿ ಹಾಗೆ ಗೊರಗೊರ ಅನ್ನುತ್ತೆ. ಈ ರೋಗ ಅವಳಿಗೆ ಹತ್ತಿದ್ರೆ ಉಳಿಯಲ್ಲ ಕಣೋ."

ಕೊನೆಯ ಮಾತು ಹೇಳುವಾಗ ಅವನ ದನಿ ಸಣ್ಣದಾಯಿತು. ಬಸ್ಯೂನಿಯ ದನಿ ಸಣ್ಣದಾದದ್ದನ್ನು ನಾನು ಅದೇ ಮೊದಲು ಕೇಳಿದ್ದು. ಆಯ್ತು ಉಸ್ತಾ, ಅಂದೆ.

ಅಂದಮೇಲೆ ಗೊತ್ತಾಯಿತು ಕಷ್ಟ. ಯಾರ್ಡಿನ ಡ್ರೈವರಿಗೆ ಉದ್ದ ಕೂಗು ಎಲ್ಲಿ ಬರಬೇಕು? 'ಪೀಂ' ಅಂದರೆ ಮುಂದೆ, 'ಪೀಂ ಪೀಂ' ಅಂದರೆ ಹಿಂದೆ, ನನ್ನ ಸಂಗೀತ ಅಷ್ಟೇ. ಯಾರ್ಡಿನಲ್ಲೇ ಬಾಯಲ್ಲಿ ಕೂಗಿ ಅಭ್ಯಾಸ ಮಾಡಿದೆ. ಎಮ್ಮೆಯ ಎಳೆತ ಹತ್ತು ಸಲ ಎಳೆಯುವಷ್ಟರಲ್ಲಿ ಪಕ್ಕದ ಗದ್ದೆಯ ಎರಡು ಹೆಣ್ಣು ಕತ್ತೆಗಳು ಹಗ್ಗ ಕಿತ್ತುಕೊಂಡು ನನ್ನ ಇಂಜಿನ್ನಿನ ಬಾಗಿಲಿಗೆ ಬಂದು ನಿಂತವು.

ಮೊದಲ ದಿನ ಕಫ್ರ್ ಶಲಬಿ ಬಂತು. ನನ್ನ ಸಹಾಯಕ ಶೆಹಾತಾ, "ಈಗ ಉಸ್ತಾ, ಈಗ" ಅಂದ. ಒತ್ತಿದೆ. ಉದ್ದ ಚೆನ್ನಾಗಿಯೇ ಬಂತು, ಗಿಡ್ಡವೂ ಬಂತು. ಎಳೆತ ಮಾತ್ರ ನಡುವೆಯೇ ಮುರಿದುಬಿತ್ತು. ಮಾಳಿಗೆಯ ಮೇಲೆ ಬಹಾನಜ್ಜಿ ಕಂಡಳು. ಜರಡಿ ಸೊಂಟದ ಮೇಲಿತ್ತು, ಮೇಲೇಳಲಿಲ್ಲ.

"ಅಜ್ಜಿಗೆ ಕೈ ನೋವಿರ್ಬೇಕು ಪಾಪ," ಅಂದ ಶೆಹಾತಾ.

ಎರಡನೇ ದಿನ ಇನ್ನೂ ಜೋರಾಗಿ ಒತ್ತಿದೆ. ಮಾಳಿಗೆಯ ಮೇಲೆ ಯಾರೂ ಇರಲಿಲ್ಲ. ಅವಳು ಹಳಿಯ ನಡುವೆ ನಿಂತಿದ್ದಳು! ಒಂದು ಕೈಯಲ್ಲಿ ಕೆಂಪು ಕಂಬಳಿ ಬೀಸುತ್ತಿದ್ದಳು, ಇನ್ನೊಂದು ಕೈಯಲ್ಲಿ ಬಟ್ಟೆ ಮುಚ್ಚಿದ ಬುಟ್ಟಿ. ಬ್ರೇಕು ಹಾಕಿದ ರಭಸಕ್ಕೆ ಕೊನೆಯ ಬೋಗಿಯಲ್ಲಿದ್ದವರು ಮೊದಲ ಬೋಗಿಗೆ ಬಂದು ಕೂತರು. ರೈಲು ಅವಳ ಮೂಗಿನ ಮುಂದೆ ನಿಂತಿತು. ಅವಳು ಒಂದು ಹೆಜ್ಜೆಯೂ ಹಿಂದೆ ಸರಿದಿರಲಿಲ್ಲ.

"ಯಾವನೋ ಅವ್ನು, ನನ್ನ ಮಗನ ಹೆಸ್ರಲ್ಲಿ ಕತ್ತೆ ಕೂಗಿಸ್ತಿರೋನು?"

ಮಾಸ್ಕನ್ನು ಕಣ್ಣಿನವರೆಗೆ ಎಳೆದುಕೊಂಡು, ಟೋಪಿ ಹುಬ್ಬಿನವರೆಗೆ ಇಳಿಸಿ ಕಿಟಕಿಯಲ್ಲಿ ತಲೆ ಹಾಕಿದೆ. "ನಾನೇ ಅವ್ವ, ಬಸ್ಯೂನಿ."

"ಬಸ್ಯೂನಿ ಆ ಕಿಟಕಿಲಿ ಹಿಡಿಸಲ್ಲ. ನೀನು ನೋಡಿದ್ರೆ ಉಪ್ಪಿನಕಾಯಿ ಭರಣಿಲಿ ಬಿದ್ದ ಮೂಲಂಗಿ ಹಾಗಿದ್ದೀಯ."

ನನ್ನನ್ನು ಉಳಿಸೋಣವೆಂದು ಶೆಹಾತಾ ಬಾಯಿ ಹಾಕಿದ. "ಸ್ವಲ್ಪ ಇಳಿದೋಗಿದ್ದಾನೆ ಅಜ್ಜಿ. ಆ ಹಾಸ್ಟೆಲಲ್ಲಿ ಊಟ ಸರಿಯಿಲ್ಲ, ಅದಕ್ಕೇ."

"ಯಾವ ಹಾಸ್ಟೆಲು?"

ಶೆಹಾತಾ ಕೈಯಿಂದ ಬಾಯಿ ಮುಚ್ಚಿಕೊಂಡ. ಈಗ ಮುಚ್ಚಿ ಏನು ಬಂತು? ನಾನು ಇಳಿದು ದೂರದಲ್ಲಿ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು ಅಳಲಿಲ್ಲ. ಬುಟ್ಟಿಯನ್ನು ತಲೆಗೇರಿಸಿ ಮೊದಲ ಬೋಗಿಯ ಮೆಟ್ಟಿಲು ಹತ್ತಿದಳು.

"ಎಲ್ಲಿಗವ್ವ?"

"ಅವನ ಹತ್ರ ಇರೋಕೆ. ಬಾತುಕೋಳಿ ಹುರಿದು ತಂದಿದ್ದೀನಿ. ತಿನ್ನಿಸಿ, ಕಾಲೊತ್ತಿ, ವಾಸಿ ಮಾಡ್ಕೊಂಡೇ ಬರೋದು."

"ಅವ್ವ, ಒಳಗೆ ಯಾರ್ನೂ ಬಿಡಲ್ಲ. ನಿನ್ನ ಎದೆ ಬೇರೆ ಸರಿಯಿಲ್ಲ, ನಿಂಗೇ ಹತ್ತಿಕೊಂಡ್ರೆ?"

"ಈ ಎದೆ ಹಾಲು ಕುಡಿದೇ ಅವ್ನು ಬೆಳೆದಿದ್ದು, ಅದರ ಲೆಕ್ಕ ನಿಂಗ್ಯಾಕೆ? ಹೊರಡಿಸು ರೈಲು!"

ಹೊರಡಿಸದೆ ಏನು ಮಾಡಲಿ? ಕರ್ಫ್ಯೂಗೆ ಮುಂಚೆ ಹೋಗಿ ಬರಬೇಕು. ದಾರಿಯುದ್ದಕ್ಕೂ ನನಗೆ ಒಂದೇ ಯೋಚನೆ. ಪಟ್ಟಣದ ನಿಲ್ದಾಣದಲ್ಲಿ ಇಳಿದರೆ ಹಾಸ್ಟೆಲ್ಲಿಗೆ ಕೂಗಳತೆ. ಬಾಗಿಲಿನ ಪೇದೆ ನಿನ್ನೆ ಮೊನ್ನೆ ಮೀಸೆ ಮೂಡಿದವನು, ಬಹಾನಜ್ಜಿಯ ಮುಂದೆ ಒಂದು ಗಳಿಗೆಯೂ ನಿಲ್ಲಲಾರ. ಅವಳು ಒಳಗೆ ಹೋದರೆ ಬಸ್ಯೂನಿಗೆ ನಾನು ಯಾವ ಮುಖ ತೋರಿಸಲಿ?

ಪಟ್ಟಣದ ಹೊರಗಿನ ಸಿಗ್ನಲ್ಲು ಕೆಂಪಾಗಿತ್ತು. ಅದು ಆಗ ಯಾವಾಗಲೂ ಕೆಂಪೇ. ಎರಡು ಕ್ಯಾಬಿನ್ನುಗಳಿಗೆ ಒಬ್ಬನೇ ಸಿಗ್ನಲ್ಲಿನವನು ಉಳಿದಿದ್ದ. ಅಲ್ಲಿ ಒಂದು ಕೋಲು ಎಳೆದು, ಸೈಕಲ್ ತುಳಿದು ಇಲ್ಲಿಗೆ ಬಂದು ಇನ್ನೊಂದು ಎಳೆಯುತ್ತಿದ್ದ. ಅವನು ಬರುವವರೆಗೆ ಚಹ ಕುಡಿಯಬಹುದು, ನಿದ್ದೆಯನ್ನೂ ಮಾಡಬಹುದು. ಆ ಸಿಗ್ನಲ್ಲಿನ ಎದುರಿಗೇ ಹಾಸ್ಟೆಲ್ಲು. ಮೂರನೇ ಮಹಡಿಯ ಕಿಟಕಿಯಲ್ಲಿ ಬನಿಯನ್ ಹಾಕಿಕೊಂಡು ಬಸ್ಯೂನಿ ತನ್ನ ರೈಲು ನೋಡಲು ನಿಂತಿದ್ದ.

ರೈಲು ನೋಡಿದ, ನನ್ನನ್ನು ನೋಡಿದ, ಆಮೇಲೆ ಬೋಗಿಯಿಂದ ಇಳಿಯುತ್ತಿರುವ ತಾಯಿಯನ್ನು ನೋಡಿದ.

"ಮಿತ್ವಲ್ಲೀ! ನಿನ್ನ ಮನೆ ಹಾಳಾಗ!"

"ಅವನನ್ಯಾಕೆ ಬೈತೀಯೋ?" ಬಹಾನಜ್ಜಿ ಗೋಡೆಯತ್ತ ನಡೆಯುತ್ತಲೇ ಕೂಗಿದಳು. "ನಂಗೆ ಹೇಳ್ದೆ ಕಾಯಿಲೆ ಬೀಳ್ತೀಯಾ? ಇರು, ಹತ್ತಿ ಬರ್ತೀನಿ."

"ಅವ್ವ, ಬೇಡ! ನಂಗೇನೂ ಆಗಿಲ್ಲ! ಗುಂಡುಕಲ್ಲಿನ ಹಾಗಿದ್ದೀನಿ!"

"ಮೂರನೇ ಮಹಡಿಯಿಂದ ಎಲ್ರೂ ಹಾಗೇ ಹೇಳ್ತಾರೆ. ನಿನ್ನ ಎದೆಗೆ ಕಿವಿ ಇಟ್ಟು ಉಸಿರು ಕೇಳಿದ್ಮೇಲೇ ನಾನು ನಂಬೋದು."

ಪೇದೆ ಕೈ ಅಡ್ಡ ಹಿಡಿದ. ಅವಳು ಅವನ ಕೈಯನ್ನು ಬಳ್ಳಿ ಸರಿಸಿದ ಹಾಗೆ ಸರಿಸಿದಳು. ಅವನು ನಮ್ಮ ಕಡೆ ತಿರುಗಿ, "ಅಣ್ಣ, ನಾನು ಈ ಅಜ್ಜಿನ ಹೇಗೆ ಹಿಡೀಲಿ? ನಮ್ಮಜ್ಜಿನೂ ಹೀಗೇ ಇದ್ದಾಳೆ" ಎಂದು ಅಳುಮುಖ ಮಾಡಿದ. ಇನ್ನು ನಾಲ್ಕು ಮಾರು ನಡೆದರೆ ಬಾಗಿಲು.

ಆಗ ನನ್ನ ತಲೆಯಲ್ಲಿ ಏನೋ ಹೊಳೆಯಿತು.

"ಅವ್ವ, ನಿಲ್ಲು! ನಿಂಗೆ ಬೇಕಾಗಿರೋದು ಉಸಿರು ತಾನೆ? ಈ ರೋಗ ತಿನ್ನೋದು ಉಸಿರನ್ನೇ. ಇಲ್ಲಿಂದ್ಲೇ ಕೇಳು. ಉಸ್ತಾ, ಕೂಗು! ಬಾಯಲ್ಲೇ ಕೂಗು!"

ಬಸ್ಯೂನಿ ಕಿಟಕಿಯ ಸರಳು ಹಿಡಿದು ಎದೆ ತುಂಬಿಕೊಂಡ. ಅವನು ಎಳೆದುಕೊಂಡ ಗಾಳಿಗೆ ಹಾಸ್ಟೆಲ್ಲಿನ ಪರದೆಗಳೆಲ್ಲ ಒಳಗೆ ಹೋದವು. ಆಮೇಲೆ ಬಿಟ್ಟ ನೋಡಿ. ಒಂದು ಉದ್ದ. ಪಕ್ಕದ ಪಾರಿವಾಳದ ಗೋಪುರ ಅಷ್ಟೂ ಖಾಲಿಯಾಯಿತು. ಎರಡು ಗಿಡ್ಡ. ಪೇದೆ ತನಗೇ ಗೊತ್ತಿಲ್ಲದೆ ಸೆಲ್ಯೂಟ್ ಹೊಡೆದ. ಕೊನೆಗೆ ಕರು ಸಿಕ್ಕಿದ ಎಮ್ಮೆಯ ಆ ಎಳೆತ. ಅದು ಮುಗಿಯುತ್ತದೆ, ಈಗ ಮುಗಿಯುತ್ತದೆ ಎಂದು ಕಾದೆವು. ಮುಗಿಯಲೇ ಇಲ್ಲ. ನನ್ನ ರೈಲಿನ ಜನ ಕಿಟಕಿಗಳಿಂದ ಹೊರಬಾಗಿ ಚಪ್ಪಾಳೆ ತಟ್ಟಿದರು. ಸಿಗ್ನಲ್ಲಿನವನು ಇನ್ನೂ ದೂರದಲ್ಲಿ ಸೈಕಲ್ ತುಳಿಯುತ್ತಿದ್ದ, ಇಲ್ಲಿ ಸಿಗ್ನಲ್ಲಿನ ಕೈ ಆ ಅದುರಾಟಕ್ಕೆ ತಾನಾಗಿಯೇ ಕೆಳಗೆ ಬಿದ್ದು ದಾರಿ ಬಿಟ್ಟಿತು.

ಬಹಾನಜ್ಜಿ ಕಣ್ಣು ಮುಚ್ಚಿ, ತಲೆ ಓರೆ ಮಾಡಿ ಕೊನೆಯವರೆಗೂ ಕೇಳಿದಳು. ಎಲ್ಲರೂ ಅವಳ ಬಾಯನ್ನೇ ನೋಡುತ್ತಿದ್ದೆವು.

"ಎರಡನೇ ಗಿಡ್ಡದಲ್ಲಿ ಸ್ವಲ್ಪ ಕಫ ಇದೆ," ಅಂದಳು. "ಬಿಸಿನೀರಿಗೆ ನಿಂಬೆಹಣ್ಣು ಹಿಂಡಿ ಕುಡಿ. ಉಳಿದಿದ್ದೆಲ್ಲಾ ಸರಿಯಿದೆ. ಈ ಉಸಿರಿಗೆ ಏನೂ ಆಗಲ್ಲ."

"ಮನೆಗೆ ಹೋಗ್ತೀಯಾ ಅವ್ವ?" ಮೇಲಿನಿಂದ ಬಸ್ಯೂನಿ ಕೇಳಿದ. ಈಗ ನಿಜವಾಗಿಯೂ ಅವನಿಗೆ ಏದುಸಿರು ಬಂದಿತ್ತು.

"ಹೋಗ್ದೆ? ಎಮ್ಮೆಗೆ ನೀರು ಕುಡ್ಸೋರ್ಯಾರು, ನಿಮ್ಮಪ್ಪ ಗೋರಿಯಿಂದ ಎದ್ದು ಬರ್ತಾನಾ? ಹಗ್ಗ ಬಿಡು."

ಬಸ್ಯೂನಿ ಕಿಟಕಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಸಿದ, ತರಕಾರಿಯವನಿಗೆ ಮಹಡಿಯ ಹೆಂಗಸರು ಇಳಿಸುತ್ತಾರಲ್ಲ ಹಾಗೆ. ಅವಳು ಮುಟ್ಟದೆ, ದೂರದಿಂದಲೇ ಬಾತುಕೋಳಿಯನ್ನು ಅದರೊಳಗೆ ಜಾರಿಸಿದಳು. ಮೇಲೇರುವ ಬುಟ್ಟಿ ಒಂದನೇ ಮಹಡಿ ದಾಟುವಾಗ ಒಂದು ಕೈ ಹೊರಬಂದು ಬಾತುಕೋಳಿಯ ಒಂದು ಕಾಲು ಮುರಿದುಕೊಂಡಿತು. ಎರಡನೇ ಮಹಡಿಯಲ್ಲಿ ಇನ್ನೊಂದು ಕಾಲು ಹೋಯಿತು.

"ರೆಕ್ಕೆಯಾದ್ರೂ ಬಿಡ್ರೋ, ನನ್ನ ಅವ್ವ ಮಾಡಿದ್ದು!" ಎಂದು ಬಸ್ಯೂನಿ ಕಿರುಚುತ್ತಿದ್ದ. ಅವಳು ಕೆಳಗೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಅದೇ ರೈಲು ಮರಳುವಾಗ ಅವಳನ್ನು ಕಫ್ರ್ ಶಲಬಿಯಲ್ಲಿ ಇಳಿಸಿದೆ. ನಿಲ್ಲುವ ಅಪ್ಪಣೆ ಇರಲಿಲ್ಲ, ನಿಲ್ಲಿಸದೆ ಇದ್ದರೆ ಅವಳು ಹಾರುತ್ತಿದ್ದಳು.

"ಏ ಮೂಲಂಗಿ," ಅಂದಳು ಕೆಳಗಿನಿಂದ. "ನಾಳೆಯಿಂದ ನಿನ್ನ ಕೂಗನ್ನೇ ಕೂಗು. ಇನ್ನೊಬ್ಬರ ಗಂಟಲಲ್ಲಿ ಅಳ್ಬೇಡ."

ಅವಳು ಮನೆ ಬಿಟ್ಟು ಮತ್ತೆ ಕದಲಲಿಲ್ಲ. ನಾನು ದಿನಾ ನನ್ನ 'ಪೀಂ' ಕೂಗಿ ಹೋಗುತ್ತಿದ್ದೆ. ಆದರೆ ಅವಳ ಬಾಯಿ ಸುಮ್ಮನಿರಬೇಕಲ್ಲ. ಆ ಹಾಸ್ಟೆಲ್ಲಿನಲ್ಲಿ ಸುತ್ತಮುತ್ತಲ ಊರುಗಳ ಮಕ್ಕಳು ಬೇಕಾದಷ್ಟು ಮಂದಿ ಇದ್ದರು. ಎಲ್ಲ ತಾಯಂದಿರಿಗೂ ಸುದ್ದಿ ಹೋಯಿತು: ಒಳಗೆ ಹೋಗೋದು ಬೇಡ, ಕೆಂಪು ಸಿಗ್ನಲ್ಲಿನ ಹತ್ರ ಇಳಿದು ಮಗನನ್ನ ಕೂಗಿಸಿ ಕೇಳಿ, ಉಸಿರು ಸರಿಯಿದ್ರೆ ಬುಟ್ಟಿಗೆ ಊಟ ಹಾಕಿ ಮನೆಗೆ ಬನ್ನಿ.

ಮುಂದಿನ ವಾರ ನನ್ನ ರೈಲಿನ ತುಂಬಾ ತಾಯಂದಿರು, ಒಬ್ಬೊಬ್ಬರ ನಡುವೆ ಒಂದೊಂದು ಸೀಟು ಖಾಲಿ, ಆ ಖಾಲಿ ಸೀಟಿನಲ್ಲಿ ಒಂದೊಂದು ಬಾತುಕೋಳಿ. ಸಿಗ್ನಲ್ಲಿನ ಬಳಿ ಸಾಲಾಗಿ ನಿಂತರು. ಹಾಸ್ಟೆಲ್ಲಿನ ಕಿಟಕಿಗಳೆಲ್ಲ ತೆರೆದವು. ಗುಮಾಸ್ತ, ಕ್ಷೌರಿಕ, ಮೇಷ್ಟ್ರು, ರೈಲಿಗೂ ಅವರಿಗೂ ಸಂಬಂಧವೇ ಇಲ್ಲ, ಎಲ್ಲರೂ ಎದೆ ತುಂಬಿ ಒಟ್ಟಿಗೇ ಕೂಗಿದರು. ಬಸ್ಯೂನಿ ಮೇಲಿನಿಂದ ಕೈ ಬೀಸಿ ತಾಳ ಹಾಕುತ್ತಿದ್ದ.

ಆ ಗದ್ದಲಕ್ಕೆ ಪಟ್ಟಣದಾಚೆಯ ಗೇಟಿನವನು ಇಡೀ ದೇಶದ ರೈಲುಗಳು ಒಟ್ಟಿಗೆ ಬರುತ್ತಿವೆ ಎಂದು ಹೆದರಿ ಗೇಟು ಹಾಕಿಬಿಟ್ಟ. ಕರ್ಫ್ಯೂ ಶುರುವಾಗುವವರೆಗೆ ತೆಗೆಯಲಿಲ್ಲ. ಗೇಟಿನ ಮುಂದೆ ಒಬ್ಬ ಈರುಳ್ಳಿ ಗಾಡಿಯವನು ಕತ್ತೆಯ ಸಮೇತ ಕಾದು ಕಾದು, "ರೈಲು ಎಲ್ಲೋ?" ಎಂದು ಕೇಳುತ್ತಲೇ ಇದ್ದನಂತೆ. ಗೇಟಿನವನು ಕಿವಿಗೆ ಕೈಯಿಟ್ಟು, "ಸುಮ್ನಿರಪ್ಪ, ಇನ್ನೂ ಹದಿನೈದಿಪ್ಪತ್ತು ಬರೋದಿದೆ" ಅನ್ನುತ್ತಿದ್ದನಂತೆ.